ಕೈಗುಣ ಮತ್ತು ಇಲಿಯ ಬೆನ್ನಿನ ಗಾಯ

ಹಂಗೆರಿಯ ಅಶ್ವದಳದಲ್ಲಿ ಕರ್ನಲ್ ಆಗಿದ್ದ ಆಸ್ಕರ್ ಎಸ್ಟೆಬಾನಿ ಅವರಿಗೆ ದಣಿದ ಕುದುರೆಗಳ ಮೈ ನೀವುವ ಅಭ್ಯಾಸವಿತ್ತು. ತಾವು ನೀವಿದ ಕುದುರೆಗಳು ಉಳಿದವಕ್ಕಿಂತ ಬೇಗ ಚೇತರಿಸಿಕೊಳ್ಳುತ್ತವೆ ಎಂದು ಅವರಿಗೆ ಅನಿಸತೊಡಗಿತು. ಆಮೇಲೆ ಮನುಷ್ಯರ ಮೈಮೇಲೂ ಕೈಯಿಟ್ಟು ನೋಡಿದರು; ನೋವು ಇಳಿಯಿತು ಎನ್ನುವವರು ಹೆಚ್ಚುತ್ತ ಹೋದರು. ನಮ್ಮ ಊರಾಗಿದ್ದರೆ ಕರ್ನಲ್ ಸಾಹೇಬರ ಕೈಗುಣ ಚೆನ್ನಾಗಿದೆ ಎಂದು ಜನ ಅವರ ಮನೆ ಮುಂದೆ ಸಾಲುಗಟ್ಟುತ್ತಿದ್ದರು, ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ 1956ರ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ಹೊಸಕಿಹಾಕಿದ ಮೇಲೆ ಎಸ್ಟೆಬಾನಿ ದೇಶ ಬಿಟ್ಟು ಕೆನಡಾದ ಮಾಂಟ್ರಿಯಲ್ ಸೇರಿದರು. ಅಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಬರ್ನಾರ್ಡ್ ಗ್ರಾಡ್ ಅವರಿಗೆ ಈ ಕೈಗಳ ಬಗ್ಗೆ ಕುತೂಹಲ ಹುಟ್ಟಿತು. ಮನುಷ್ಯರಾದರೆ ನಂಬಿಕೆಯಿಂದಲೇ ಅರ್ಧ ವಾಸಿಯಾಗಿಬಿಡಬಹುದು, ಇಲಿಗೆ ಎಂಥ ನಂಬಿಕೆ ಎಂಬುದು ಗ್ರಾಡ್ ಅವರ ತರ್ಕ.

ಅವರು 48 ಇಲಿಗಳ ಬೆನ್ನಿನಿಂದ ಚರ್ಮದ ಸಣ್ಣ ತುಂಡೊಂದನ್ನು ತೆಗೆದು, ಇಲಿಗಳನ್ನು ತಲಾ 16ರ ಮೂರು ಗುಂಪು ಮಾಡಿದರು. ಒಂದು ಗುಂಪಿನ ಪಂಜರವನ್ನು ಎಸ್ಟೆಬಾನಿ ದಿನಕ್ಕೆರಡು ಸಲ, ಸಲಕ್ಕೆ ಹದಿನೈದು ನಿಮಿಷ ತಮ್ಮ ಎರಡು ಕೈಗಳ ನಡುವೆ ಹಿಡಿದು ಕೂರುತ್ತಿದ್ದರು. ಎರಡನೆಯ ಗುಂಪಿಗೆ ಅಂಗೈ ಬಿಸಿಯಷ್ಟೇ ಶಾಖ ಕೊಡಲಾಯಿತು. ಮೂರನೆಯದಕ್ಕೆ ಯಾವ ಉಪಚಾರವೂ ಇಲ್ಲ. ಗಾಯದ ಅಂಚನ್ನು ಪಾರದರ್ಶಕ ಹಾಳೆಯ ಮೇಲೆ ಬರೆದುಕೊಂಡು, ಅದೇ ಆಕಾರಕ್ಕೆ ಕಾಗದ ಕತ್ತರಿಸಿ, ಆ ಕಾಗದವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ಗಾಯ ಎಷ್ಟು ಕಿರಿದಾಯಿತೆಂದು ಲೆಕ್ಕ ಹಾಕುತ್ತಿದ್ದರು. ಕಂಪ್ಯೂಟರ್ ಇಲ್ಲದ ಕಾಲದ ಇಂಥ ಜಾಣ್ಮೆಗೆ ತಲೆದೂಗಲೇಬೇಕು. ಎರಡು ವಾರ ಕಳೆಯುವ ಹೊತ್ತಿಗೆ ಎಸ್ಟೆಬಾನಿ ಹಿಡಿದಿದ್ದ ಪಂಜರದ ಇಲಿಗಳ ಗಾಯ ಉಳಿದೆರಡು ಗುಂಪಿನವಕ್ಕಿಂತ ಹೆಚ್ಚು ಮಾಗಿತ್ತು.

ಗ್ರಾಡ್ ಅಷ್ಟಕ್ಕೇ ಬೀಗಲಿಲ್ಲ. ಮ್ಯಾನಿಟೋಬ ವಿಶ್ವವಿದ್ಯಾಲಯದ ಸಹೋದ್ಯೋಗಿಗಳ ಜೊತೆ ಸೇರಿ 300 ಇಲಿಗಳ ಮೇಲೆ ಪ್ರಯೋಗವನ್ನು ಮತ್ತೆ ನಡೆಸಿದರು. ಈ ಸಲ ಪಂಜರಗಳನ್ನು ಕಾಗದದ ಚೀಲದೊಳಗೆ ಇಡಲಾಯಿತು. ಕೆಲವು ಚೀಲಗಳ ಬಾಯಿ ತೆರೆದಿತ್ತು, ಎಸ್ಟೆಬಾನಿ ಕೈಯನ್ನು ಒಳಗಿಟ್ಟು ಪಂಜರ ಹಿಡಿಯಬಹುದಿತ್ತು. ಕೆಲವದರ ಬಾಯಿ ಮುಚ್ಚಿತ್ತು, ಚೀಲದ ಹೊರಗಿನಿಂದಷ್ಟೇ ಹಿಡಿಯಬೇಕು. ಹೋಲಿಕೆಗೆಂದು, ಯಾವ ಕೈಗುಣವೂ ಇಲ್ಲದ ವೈದ್ಯಕೀಯ ವಿದ್ಯಾರ್ಥಿಗಳ ಕೈಗೂ ಪಂಜರ ಕೊಟ್ಟರು. 1961ರಲ್ಲಿ ಪ್ರಕಟವಾದ ವರದಿಯ ಪ್ರಕಾರ ತೆರೆದ ಚೀಲಗಳಲ್ಲಿ ಎಸ್ಟೆಬಾನಿಯ ಇಲಿಗಳೇ ಮುಂದು. ಮುಚ್ಚಿದ ಚೀಲಗಳಲ್ಲಿ ಮಾತ್ರ ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಕಾಣಲಿಲ್ಲ. ಈ ವಿವರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಬಂತು ಬಾರ್ಲಿ. ಮೊಳಕೆಗೆ ತುಸು ಏಟು ಬೀಳಲೆಂದೇ ಶೇ 1ರ ಉಪ್ಪುನೀರನ್ನು ಬೀಜಗಳಿಗೆ ಹನಿಸಿದರು. ಎಸ್ಟೆಬಾನಿ ಕೈಯಲ್ಲಿ ಹಿಡಿದು ಕೂತಿದ್ದ ಬಾಟಲಿಯ ಉಪ್ಪುನೀರು ಕುಡಿದ ಸಸಿಗಳು ಎತ್ತರ ಬೆಳೆದವು ಎಂದು ಗ್ರಾಡ್ ಬರೆದರು. ಮುಂದುವರಿದು, ಗಿಡ ಬೆಳೆಸುವುದರಲ್ಲಿ ಹೆಸರಾದ ಒಬ್ಬರಿಗೂ, ಖಿನ್ನತೆಯಿಂದ ಬಳಲುತ್ತಿದ್ದ ಇಬ್ಬರು ರೋಗಿಗಳಿಗೂ ಬಾಟಲಿ ಹಿಡಿಸಿದರು. ಖಿನ್ನ ಮನಸ್ಸು ಹಿಡಿದ ನೀರಿನಲ್ಲಿ ಸಸಿಯೂ ಸೊರಗಬೇಕು ಎಂಬುದು ಅವರ ನಿರೀಕ್ಷೆ. ಆದರೆ ರೋಗಿಗಳಲ್ಲಿ ಒಬ್ಬಾಕೆಗೆ ಈ ಪ್ರಯೋಗದ ಸಂಗತಿ ಕೇಳಿಯೇ ಖುಷಿಯಾಗಿಬಿಟ್ಟಿತು. ಬಾಟಲಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತರು. ಆಕೆಯ ನೀರು ಕುಡಿದ ಸಸಿಗಳೂ ಚೆನ್ನಾಗಿಯೇ ಬೆಳೆದವಂತೆ! ಇದು ಲೆಕ್ಕಕ್ಕಿಂತ ಕಥೆಗೆ ಒಗ್ಗುವ ಫಲಿತಾಂಶ. ಕಥೆ ಇಷ್ಟು ಚೆನ್ನಾಗಿದ್ದಾಗಲೇ ವಿಜ್ಞಾನ ಓದುವವರು ಕಿವಿ ನಿಮಿರಿಸಬೇಕು.

ಮನಸ್ಸಿನ ಬಲದಿಂದಲೇ ವಸ್ತುವನ್ನು ಕದಲಿಸುವುದಕ್ಕೆ ಸೈಕೋಕೈನೆಸಿಸ್ ಎನ್ನುತ್ತಾರೆ. ಟಿವಿಯಲ್ಲಿ ಚಮಚ ಬಾಗಿಸಿ ತೋರಿಸುವವರು ಇದರ ಜನಪ್ರಿಯ ಮುಖ. ಗ್ರಾಡ್ ಅವರ ಪ್ರಯೋಗಗಳಂತೆ ಜೀವಿಗಳನ್ನು ಗುರಿಯಾಗಿಸಿಕೊಂಡ ಶಾಖೆ ಅಷ್ಟು ಸದ್ದು ಮಾಡಿಲ್ಲ. ಆದರೆ ಅತೀಂದ್ರಿಯ ಶಕ್ತಿಗಳನ್ನು ಅಧ್ಯಯನ ಮಾಡುವ ಪ್ಯಾರಾಸೈಕಾಲಜಿಯವರಿಗೆ ಹೆಚ್ಚು ಭರವಸೆ ಇರುವುದು ಅದರ ಮೇಲೆಯೇ. ಅವರ ವಾದ ತಳ್ಳಿಹಾಕುವಂಥದ್ದಲ್ಲ. ಕಬ್ಬಿಣದ ಚಮಚ ಜಡವಾಗಿ ಬಿದ್ದಿರುತ್ತದೆ, ಅದನ್ನು ಬಾಗಿಸಲು ದೊಡ್ಡ ಬಲವೇ ಬೇಕು. ಜೀವಿ ಹಾಗಲ್ಲ. ಅದರ ನಾಡಿ, ಬೆವರು, ಕೋಶಗಳ ವಿಭಜನೆ, ಬ್ಯಾಕ್ಟೀರಿಯಾದ ಈಜು ಎಲ್ಲವೂ ಅರೆಕ್ಷಣವೂ ಬಿಡುವಿಲ್ಲದೆ ತುಯ್ಯುತ್ತಿರುತ್ತವೆ. ಅಲ್ಲಿ ಇರುವೆ ತೂಕದ ತಳ್ಳು ಕೊಟ್ಟರೂ ಸಾಕು, ವ್ಯತ್ಯಾಸ ಕಾಣಿಸೀತು ಎಂಬುದು ಅವರ ಲೆಕ್ಕಾಚಾರ. ನನ್ನ ತಕರಾರು ಇರುವುದು ಇಲ್ಲಿಯೇ. ಸದಾ ತುಯ್ಯುವ ವಸ್ತುವಿನಲ್ಲಿ ಯಾರೂ ತಳ್ಳದಿದ್ದರೂ ವ್ಯತ್ಯಾಸ ಕಾಣಿಸುತ್ತದೆ. ಜೀವಿಯ ಯಾವ ಗುಣ ಈ ಸಂಶೋಧಕರನ್ನು ಆಕರ್ಷಿಸಿತೋ ಅದೇ ಗುಣ ಅವರನ್ನು ಮೋಸಗೊಳಿಸಲೂಬಲ್ಲದು. ಈ ಕ್ಷೇತ್ರದ ಎಪ್ಪತ್ತು ವರ್ಷಗಳ ಇತಿಹಾಸವೆಲ್ಲ ಈ ಎರಡು ಸಾಧ್ಯತೆಗಳ ಜಗ್ಗಾಟ.

1952ರಲ್ಲಿ ಬ್ರಿಟನ್ನಿನ ನೈಜೆಲ್ ರಿಚ್ಮಂಡ್ ಸೂಕ್ಷ್ಮದರ್ಶಕದ ಕೆಳಗೆ ಈಜುವ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗೆ ಮನಸ್ಸಿನಲ್ಲೇ ‘ಈ ಕಡೆ ಹೋಗು’ ಎಂದು ಅಪ್ಪಣೆ ಕೊಟ್ಟು, ಅದು ಹೋಯಿತು ಎಂದು ವರದಿ ಮಾಡಿದರು. 1968ರಲ್ಲಿ ಫ್ರಾನ್ಸಿನ ಜೀನ್ ಬ್ಯಾರಿ ಶಿಲೀಂಧ್ರದ ಬೆಳವಣಿಗೆಯನ್ನು ಮನಸ್ಸಿನಿಂದ ತಡೆದ ವಿವರ ಪ್ರಕಟಿಸಿದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕ್ಯಾರಲ್ ನ್ಯಾಶ್ ಬ್ಯಾಕ್ಟೀರಿಯಾಗಳ ಮೊರೆಹೋದರು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ವಿಲಿಯಂ ಬ್ರಾಡ್, ಇನ್ನೊಂದು ಕೋಣೆಯ ಗಾಜಿನ ನಳಿಕೆಗಳಲ್ಲಿದ್ದ ಕೆಂಪು ರಕ್ತಕಣಗಳು ಒಡೆದುಹೋಗದಂತೆ ಸ್ವಯಂಸೇವಕರಿಂದ ಮನಸ್ಸಿನಲ್ಲೇ ಕಾವಲು ಹಾಕಿಸಿದರು. ಎಲ್ಲ ಕಡೆಯೂ ಸಣ್ಣ ಸಣ್ಣ ಸಕಾರಾತ್ಮಕ ಫಲಿತಾಂಶಗಳು. ಬೇರೆಯವರು ಯಾವಾಗ ಮಾಡಿದರೂ ಅಷ್ಟೇ ಬರುತ್ತದೆ ಎನ್ನುವ ಭರವಸೆಯನ್ನು ಮಾತ್ರ ಯಾವುದೂ ಗಳಿಸಲಿಲ್ಲ.

ಸದ್ದು ಮಾಡಿದ್ದು ಒಂದು ಕಪ್ಪೆಯ ಹೃದಯ. ಲೆನಿನ್‌ಗ್ರಾಡ್‌ನ ಗೃಹಿಣಿ ನೀನಾ ಕುಲಗೀನಾ ಬೆಂಕಿಕಡ್ಡಿ, ದಿಕ್ಸೂಚಿಗಳನ್ನು ಮುಟ್ಟದೆ ಅಲುಗಾಡಿಸಿ ಆಗಲೇ ಹೆಸರಾಗಿದ್ದರು. 1970ರ ಮಾರ್ಚ್ 10ರಂದು ಅವರ ಮುಂದೆ, ದೇಹದಿಂದ ಬೇರ್ಪಡಿಸಿ ದ್ರಾವಣದಲ್ಲಿಟ್ಟ ಕಪ್ಪೆಯ ಹೃದಯವನ್ನು ಇರಿಸಲಾಯಿತು. ಅದು ಇನ್ನೂ ಮಿಡಿಯುತ್ತಿತ್ತು. ಕುಲಗೀನಾ ದಿಟ್ಟಿಸುತ್ತ ಕೂತರು, ಮಿಡಿತ ನಿಂತಿತು ಎಂಬುದು ವರದಿ. ಶೀತಲ ಸಮರದ ಕಾಲ. ಸೋವಿಯತ್ ಹೆಂಗಸೊಬ್ಬಳು ನೋಟದಿಂದಲೇ ಹೃದಯ ನಿಲ್ಲಿಸಬಲ್ಲಳು ಎಂದರೆ ವಾಷಿಂಗ್ಟನ್‌ಗೆ ನಿದ್ದೆ ಬರುವುದುಂಟೇ? ಸೋವಿಯತ್ತರ ಮನೋಶಕ್ತಿ ಸಂಶೋಧನೆಯ ಬಗ್ಗೆ ಅಮೆರಿಕದ ಸೇನಾ ಗುಪ್ತಚರ ವಿಭಾಗ 1972ರಲ್ಲಿ ದಪ್ಪನೆಯ ವರದಿಯನ್ನೇ ಬರೆಸಿತು. ಆದರೆ ದೇಹ ಬಿಟ್ಟ ಹೃದಯ ಯಾರೂ ನೋಡದಿದ್ದರೂ ಒಂದಲ್ಲ ಒಂದು ಹೊತ್ತಿಗೆ ನಿಲ್ಲಲೇಬೇಕು. ಪಕ್ಕದಲ್ಲಿ ಅಂಥವೇ ಹತ್ತು ಹೃದಯಗಳನ್ನಿಟ್ಟು, ಯಾವುದನ್ನು ದಿಟ್ಟಿಸಬೇಕೆಂದು ಚೀಟಿ ಎತ್ತಿ ಹೇಳಿ, ಯಾವುದು ಎಷ್ಟು ಹೊತ್ತಿಗೆ ನಿಂತಿತೆಂದು ವಿಷಯ ಗೊತ್ತಿಲ್ಲದ ಮೂರನೆಯವರಿಂದ ಬರೆಸಿದ್ದರೆ ಅದು ಪರೀಕ್ಷೆ. ಒಂದೇ ಹೃದಯ, ಒಬ್ಬರೇ ಕುಲಗೀನಾ ಇದ್ದರೆ ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಂಟು ಹಾಕಿದಂತೆ.

ಅಮೆರಿಕದ ಸೇನೆಯ ಕೆಲವರು ಇದಕ್ಕೆ ಉತ್ತರವಾಗಿ ಆಡುಗಳನ್ನು ದಿಟ್ಟಿಸಿ ಕೊಲ್ಲಲು ಹೊರಟ ಪ್ರಸಂಗವನ್ನು ಪತ್ರಕರ್ತ ಜಾನ್ ರಾನ್ಸನ್ 2004ರಲ್ಲಿ ಪುಸ್ತಕ ಮಾಡಿದರು. 2009ರಲ್ಲಿ ಜಾರ್ಜ್ ಕ್ಲೂನಿ ನಟಿಸಿದ ಸಿನಿಮಾವೂ ಬಂತು. ನಗಲು ಚೆನ್ನಾಗಿದೆ, ಪುರಾವೆಯಾಗಿ ಅದರಲ್ಲಿ ಹೇಳುವಂಥದ್ದೇನಿಲ್ಲ.

ಪುರಾವೆ ಹುಡುಕುವವರಿಗೆ ದೊಡ್ಡ ಏಟು ಬಿದ್ದದ್ದು ಸ್ವಂತ ಮನೆಯಲ್ಲೇ. ಅತೀಂದ್ರಿಯ ಶಕ್ತಿಯ ಅಧ್ಯಯನಕ್ಕೆ ಪ್ರಯೋಗಾಲಯದ ಘನತೆ ತಂದುಕೊಟ್ಟವರು ಜೆ.ಬಿ. ರೈನ್. ನಾರ್ತ್ ಕ್ಯಾರೊಲಿನಾದ ಡರ್ಹಂನಲ್ಲಿದ್ದ ಅವರ ಸಂಸ್ಥೆಯನ್ನು 1973ರ ಹೊತ್ತಿಗೆ ನಡೆಸುತ್ತಿದ್ದವರು ವಾಲ್ಟರ್ ಲೆವಿ ಎಂಬ ಯುವ ವೈದ್ಯ. ಮೊಟ್ಟೆಯೊಳಗಿನ ಕೋಳಿ ಭ್ರೂಣ ತನಗೆ ಶಾಖ ಕೊಡುವ ಯಂತ್ರವನ್ನು ಮನಸ್ಸಿನಿಂದಲೇ ಪ್ರಭಾವಿಸುತ್ತದೆಯೇ ಎಂದು ಪರೀಕ್ಷಿಸಿದವರು ಅವರು. ಮಿದುಳಿಗೆ ವಿದ್ಯುದ್ವಾರ ಕೂರಿಸಿದ ಇಲಿಗಳು ಸುಖ ನೀಡುವ ಕಿರು ಆಘಾತಗಳನ್ನು ಹೆಚ್ಚು ಸಲ ಪಡೆಯಲು ಯಂತ್ರವನ್ನು ಒಲಿಸಿಕೊಳ್ಳುತ್ತವೆಯೇ ಎಂಬುದು ಮತ್ತೊಂದು ಪ್ರಯೋಗ. ಎಲ್ಲವೂ ಯಂತ್ರಚಾಲಿತ, ಮನುಷ್ಯರ ಕೈಗೆ ಅವಕಾಶವೇ ಇಲ್ಲ ಎಂಬ ಹೆಗ್ಗಳಿಕೆ ಬೇರೆ. ಲೆವಿ ಯಂತ್ರದ ಸುತ್ತ ಅನಗತ್ಯವಾಗಿ ಸುಳಿದಾಡುವುದನ್ನು ಕಂಡ ಸಹಾಯಕರಿಗೆ 1974ರಲ್ಲಿ ಅನುಮಾನ ಬಂತು. ಅವರು ಗುಟ್ಟಾಗಿ ಇನ್ನೊಂದು ದಾಖಲೆ ಯಂತ್ರವನ್ನು ಜೋಡಿಸಿದರು. ಲೆವಿ ಒಂದು ತಂತಿಯನ್ನು ಕಿತ್ತು, ‘ಯಶಸ್ಸು’ಗಳಷ್ಟೇ ದಾಖಲಾಗುವಂತೆ ಮಾಡುತ್ತಿದ್ದುದು ಬಯಲಾಯಿತು. ಅಧಿಕೃತ ದಾಖಲೆಯಲ್ಲಿ ಇಲಿಗಳಿಗೆ ಶೇ 54ರಷ್ಟು ಗೆಲುವು. ಗುಟ್ಟಿನ ದಾಖಲೆಯಲ್ಲಿ ಸರಿಯಾಗಿ ಶೇ 50, ನಾಣ್ಯ ಚಿಮ್ಮಿದರೆ ಬರುವಷ್ಟೇ. ಲೆವಿ ತಪ್ಪೊಪ್ಪಿಕೊಂಡು ಹೊರನಡೆದರು. ಆ ಸಂಗತಿಯನ್ನು ರೈನ್ ತಮ್ಮದೇ ನಿಯತಕಾಲಿಕದಲ್ಲಿ ಪ್ರಕಟಿಸಿದರು ಎಂಬುದನ್ನೂ ಹೇಳಬೇಕು. ಮೋಸ ಹಿಡಿದವರೂ ಪ್ಯಾರಾಸೈಕಾಲಜಿಯವರೇ, ಹೊರಗಿನವರಲ್ಲ.

ಮೋಸವಿಲ್ಲದೆಡೆಯೂ ಗೊಂದಲ ತಪ್ಪಲಿಲ್ಲ. ಭೌತವಿಜ್ಞಾನಿ ಹೆಲ್ಮುಟ್ ಶ್ಮಿಟ್ 1970ರ ಸುಮಾರಿಗೆ ಒಂದು ಬೆಕ್ಕನ್ನು ಚಳಿಯ ಶೆಡ್ಡಿನಲ್ಲಿ ಬಿಟ್ಟು, ಬೆಚ್ಚಗಿನ ದೀಪವೊಂದನ್ನು ಯದ್ವಾತದ್ವಾ ಹೊತ್ತಿ ಆರುವಂತೆ ಮಾಡಿದರು. ಬೆಕ್ಕಿದ್ದಾಗ ದೀಪ ತುಸು ಹೆಚ್ಚೇ ಹೊತ್ತಿತು. ಬೆಕ್ಕಿಗೆ ಬೆಚ್ಚಗಾಗಬೇಕೆನ್ನುವ ಆಸೆ, ಸರಿ. ನಂತರ ಜಿರಳೆಗಳನ್ನು ತಂದು, ಯಂತ್ರ ತನಗೆ ತೋಚಿದಾಗ ಶಾಕ್ ಕೊಡುವಂತೆ ಮಾಡಿದರು. ಜಿರಳೆಗೆ ಮನೋಬಲವಿದ್ದರೆ ಶಾಕ್ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು! ಶ್ಮಿಟ್ ಅವರಿಗೆ ಜಿರಳೆ ಕಂಡರಾಗದು, ಆದ್ದರಿಂದ ಕೆಲಸ ಮಾಡಿದ್ದು ಜಿರಳೆಯದಲ್ಲ, ಪ್ರಯೋಗ ಮಾಡಿದವರ ಮನಸ್ಸೇ ಇರಬೇಕು ಎಂಬ ವಿವರಣೆ ಹುಟ್ಟಿಕೊಂಡಿತು. ಫಲಿತಾಂಶ ಎಣಿಸಿದಂತೆ ಬಂದರೆ ಜೀವಿಯ ಶಕ್ತಿ, ತಿರುಗುಮುರುಗಾದರೆ ವಿಜ್ಞಾನಿಯ ಶಕ್ತಿ. ಇಂಥ ಸಿದ್ಧಾಂತವನ್ನು ಸೋಲಿಸುವ ಪ್ರಯೋಗವನ್ನು ಯಾರೂ ರೂಪಿಸಲಾರರು, ಅದೇ ಅದರ ದೋಷ.

ಪ್ರಯೋಗ ಮಾಡುವವರೇ ಫಲಿತಾಂಶದೊಳಗೆ ನುಸುಳುತ್ತಾರೆಯೇ ಎಂಬ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಮ್ಯಾರಿಲಿನ್ ಶ್ಲಿಟ್ಸ್ ಮತ್ತು ರಿಚರ್ಡ್ ವೈಸ್‌ಮನ್. ಶ್ಲಿಟ್ಸ್ ಈ ಶಕ್ತಿಯನ್ನು ನಂಬುವವರು, ವೈಸ್‌ಮನ್ ಹಿಂದೆ ಜಾದೂಗಾರರಾಗಿದ್ದ ಮನಶ್ಶಾಸ್ತ್ರಜ್ಞ, ಸಂದೇಹವಾದಿ. ಒಬ್ಬ ವ್ಯಕ್ತಿಯ ಬೆರಳಿಗೆ ವಿದ್ಯುದ್ವಾರ ಜೋಡಿಸಿ ಬೆವರಿನ ಏರಿಳಿತ ಅಳೆಯುತ್ತಾರೆ. ದೂರದ ಕೋಣೆಯಲ್ಲಿ ಇನ್ನೊಬ್ಬರು ಟಿವಿ ಪರದೆಯಲ್ಲಿ ಅವರನ್ನು ಕೆಲವೊಮ್ಮೆ ದಿಟ್ಟಿಸುತ್ತಾರೆ, ಕೆಲವೊಮ್ಮೆ ಇಲ್ಲ. 1997ರಲ್ಲಿ ಪ್ರಕಟವಾದ ಅವರ ಜಂಟಿ ಪ್ರಯೋಗ ನಡೆದದ್ದು ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಒಂದೇ ಪ್ರಯೋಗಾಲಯದಲ್ಲಿ, ಒಂದೇ ಉಪಕರಣದಲ್ಲಿ. ಶ್ಲಿಟ್ಸ್ ದಿಟ್ಟಿಸಿದಾಗ ಚರ್ಮ ಸ್ಪಂದಿಸಿತು, ವೈಸ್‌ಮನ್ ದಿಟ್ಟಿಸಿದಾಗ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಮಾಡಿದಾಗಲೂ ಅದೇ. ಇಬ್ಬರಿಗೂ ತಲೆ ಬಿಸಿಯಾಗಿರಬೇಕು. ಮೂರನೆಯ ಸಲ ಇನ್ನಷ್ಟು ಬಿಗಿಯಾಗಿ ನಡೆಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಇಬ್ಬರದೂ ಸೊನ್ನೆ.

ಬಿಡಿ ಪ್ರಯೋಗಗಳನ್ನು ನೋಡಿ ಬೇಸತ್ತವರು ಎಲ್ಲವನ್ನೂ ಒಟ್ಟಿಗೆ ರಾಶಿ ಹಾಕಿ ನೋಡುತ್ತಾರೆ. ಜರ್ಮನಿಯ ಸ್ಟೀಫನ್ ಶ್ಮಿಟ್ ಮತ್ತು ಸಂಗಡಿಗರು 2004ರಲ್ಲಿ ಮಾಡಿದ್ದು ಅದನ್ನೇ. ದೂರದಿಂದ ಇನ್ನೊಬ್ಬರ ದೇಹವನ್ನು ಶಾಂತಗೊಳಿಸುವ ಅಥವಾ ಕೆರಳಿಸುವ 36 ಪ್ರಯೋಗಗಳನ್ನು ಸೇರಿಸಿದಾಗ ಒಂದು ಪುಟ್ಟ ಪರಿಣಾಮ ಕಂಡಿತು. ಅಳತೆಯಲ್ಲಿ 0.11; ಮನಶ್ಶಾಸ್ತ್ರದಲ್ಲಿ 0.2 ಇದ್ದರೇ ‘ಸಣ್ಣದು’ ಎನ್ನುತ್ತಾರೆ. ಸಣ್ಣದಾದರೇನು, ಇದೆಯಲ್ಲ ಎನ್ನಬಹುದು. ಅವರು ಮುಂದೆ ಹೋಗಿ, ಅತ್ಯಂತ ಕಟ್ಟುನಿಟ್ಟಾಗಿ ನಡೆದಿದ್ದ ಏಳು ಪ್ರಯೋಗಗಳನ್ನಷ್ಟೇ ಆರಿಸಿದರು. ಪರಿಣಾಮ 0.05ಕ್ಕೆ ಇಳಿಯಿತು, ಅದೂ ಕೇವಲ ಆಕಸ್ಮಿಕದಿಂದ ಬರಬಹುದಾದಷ್ಟು. ಜರಡಿಯ ಕಣ್ಣು ಸಣ್ಣದಾದಷ್ಟೂ ಕಾಳು ಉಳಿಯಬೇಕು. ಇಲ್ಲಿ ಏನೂ ಉಳಿಯಲಿಲ್ಲ.

ಹಾಗಾದರೆ ಎಸ್ಟೆಬಾನಿಯ ಇಲಿಗಳ ಗಾಯ ಮಾಗಿದ್ದು ಸುಳ್ಳೇ? ಅದನ್ನು ಸುಳ್ಳೆನ್ನಲು ನನ್ನ ಬಳಿ ಕಾರಣವಿಲ್ಲ. ಕಾಗದದ ಚೀಲಗಳನ್ನು ಈಗ ನೆನಪಿಸಿಕೊಳ್ಳಿ. ಚೀಲದ ಬಾಯಿ ತೆರೆದಿದ್ದಾಗ ಕಂಡ ವ್ಯತ್ಯಾಸ ಮುಚ್ಚಿದಾಗ ಮಸುಕಾಯಿತು. ದೂರ, ಗೋಡೆ ಯಾವುದನ್ನೂ ಲೆಕ್ಕಿಸದ ಮನಶ್ಶಕ್ತಿಗೆ ಒಂದು ಪದರ ಕಾಗದ ಅಡ್ಡಿಯಾಗಬೇಕೇ? ಕೈಯ ವಾಸನೆಗೆ, ಸದ್ದಿಗೆ, ಮೃದುತನಕ್ಕೆ ಅದು ಅಡ್ಡಿಯಾಗುತ್ತದೆ. ಪ್ರಾಣಿಯನ್ನು ಯಾರು, ಹೇಗೆ ಹಿಡಿಯುತ್ತಾರೆ ಎಂಬುದು ಅದರ ಮೈಯೊಳಗೆ ಏನೆಲ್ಲ ಮಾಡುತ್ತದೆ ಎಂದು 1960ರ ದಶಕದಲ್ಲಿ ಅಷ್ಟಾಗಿ ಗೊತ್ತಿರಲಿಲ್ಲ. ಗ್ರಾಡ್ ಅವರಿಗೇ ಅದರ ಸುಳಿವು ಹತ್ತಿತ್ತು. 1967ರ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಅವರು ಪ್ರಾಣಿಗಳನ್ನು ನೇವರಿಸಿ ಪಳಗಿಸುವುದನ್ನೂ ಪ್ಲಸೀಬೊ ಪರಿಣಾಮವನ್ನೂ ಹೆಸರಿಸಿದ್ದಾರೆ.

1998ರಲ್ಲಿ ಅಮೆರಿಕದ ಪ್ಯಾಡ್ಜೆಟ್, ಮರೂಚಾ, ಶೆರಿಡನ್ ಎಂಬ ಮೂವರು ಸಂಶೋಧಕರು ಇಲಿಗಳನ್ನು ಅಲುಗಾಡದಂತೆ ಬಂಧಿಸಿಟ್ಟು ಒತ್ತಡ ಹೇರಿದಾಗ ಬೆನ್ನಿನ ಗಾಯ ಶೇ 27ರಷ್ಟು ನಿಧಾನವಾಗಿ ಮಾಗಿತು. ಅದೇ ವರ್ಷ ದಂತವೈದ್ಯಕೀಯ ವಿದ್ಯಾರ್ಥಿಗಳ ಅಂಗುಳಿನಲ್ಲಿ ಪುಟ್ಟ ಗಾಯ ಮಾಡಿ ನೋಡಿದರು. ಬೇಸಿಗೆ ರಜೆಯಲ್ಲಿ ಬೇಗ ಮಾಗಿದ ಅಷ್ಟೇ ದೊಡ್ಡ ಗಾಯ ಪರೀಕ್ಷೆಯ ದಿನಗಳಲ್ಲಿ ಮೂರು ದಿನ ಹೆಚ್ಚು ತೆಗೆದುಕೊಂಡಿತು. ಮರೆಗುಳಿ ರೋಗಕ್ಕೆ ತುತ್ತಾದ ಮನೆಯವರ ಆರೈಕೆಯಲ್ಲಿ ಬಸವಳಿದ ಮಹಿಳೆಯರಲ್ಲಿ ಚರ್ಮದ ಗಾಯ ಒಣಗಲು ಸುಮಾರು ಒಂಬತ್ತು ದಿನ ಹೆಚ್ಚು ಬೇಕಾಯಿತೆಂದು 1995ರಲ್ಲೇ ‘ಲ್ಯಾನ್ಸೆಟ್’ ಪ್ರಕಟಿಸಿತ್ತು. ಅಂದರೆ ಮನಸ್ಸು ಜೀವಕೋಶಗಳ ಮೇಲೆ ಪ್ರಭಾವ ಬೀರುತ್ತದೆ, ಅದರಲ್ಲಿ ಅನುಮಾನವೇ ಬೇಡ. ಬೀರುವುದು ತನ್ನದೇ ದೇಹದ ಮೇಲೆ, ದಾರಿಯೂ ಗೊತ್ತು. ಒತ್ತಡದಲ್ಲಿ ಏರುವ ಕಾರ್ಟಿಸಾಲ್‌ನಂಥ ಹಾರ್ಮೋನು ರಕ್ತದಲ್ಲಿ ಹರಿದು, ಗಾಯದ ಜಾಗಕ್ಕೆ ಧಾವಿಸಬೇಕಾದ ರೋಗನಿರೋಧಕ ಕೋಶಗಳನ್ನು ಮಂದಗೊಳಿಸುತ್ತದೆ. ಕುದುರೆಯೊಡನೆ ಬಾಳಿದ, ಪ್ರಾಣಿಯ ಮೈ ಅರಿತ ಮನುಷ್ಯನೊಬ್ಬ ಪಂಜರವನ್ನು ಮೆಲ್ಲನೆ ಹಿಡಿದು ಕೂತರೆ ಒಳಗಿನ ಇಲಿಯ ಗಾಬರಿ ಇಳಿಯುವುದು ಸಹಜ. ಲಗುಬಗೆಯಲ್ಲಿರುವ ವಿದ್ಯಾರ್ಥಿಯ ಕೈಯಲ್ಲಿ ಅದೇ ಇಲಿ ಬೆದರಿರಬಹುದು.

ಇದಕ್ಕೆ ಕಿರೀಟವಿಟ್ಟಂಥ ಸಂಶೋಧನೆ ಬಂದದ್ದು 2014ರಲ್ಲಿ, ಅದೂ ಮಾಂಟ್ರಿಯಲ್‌ನ ಅದೇ ಮೆಕ್‌ಗಿಲ್‌ನಿಂದ. ಗಂಡಸರು ಕೋಣೆಯಲ್ಲಿದ್ದರೆ ಸಾಕು, ಪ್ರಯೋಗದ ಇಲಿಗಳಲ್ಲಿ ಒತ್ತಡದ ಹಾರ್ಮೋನು ಏರುತ್ತದೆ, ನೋವಿನ ಲಕ್ಷಣಗಳು ಗಣನೀಯವಾಗಿ ಕುಗ್ಗುತ್ತವೆ. ಹೆಂಗಸರಿದ್ದರೆ ಹಾಗಾಗುವುದಿಲ್ಲ ಎಂದು ಜೆಫ್ರಿ ಮೊಗಿಲ್ ಮತ್ತು ಸಂಗಡಿಗರು ತೋರಿಸಿದರು. ಗಂಡಸು ಬರುವುದೂ ಬೇಡ, ಅವನು ತೊಟ್ಟು ಬಿಟ್ಟ ಟೀ ಶರ್ಟ್ ಇಟ್ಟರೂ ಅಷ್ಟೇ. ಯಾರ ಬೆವರಿನ ವಾಸನೆ ಎಂಬುದೊಂದೇ ಇಷ್ಟು ಮಾಡಬಲ್ಲುದಾದರೆ, ಅರ್ಧ ಶತಮಾನದ ಹಿಂದಿನ ಪಂಜರಗಳ ಸುತ್ತ ಲೆಕ್ಕಕ್ಕೆ ಸಿಗದೆ ಹೋದದ್ದು ಎಷ್ಟಿರಬಹುದು!

ಇನ್ನು ಪ್ರಯೋಗ ಮಾಡುವವರ ನಿರೀಕ್ಷೆ. 1963ರಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ ಹನ್ನೆರಡು ವಿದ್ಯಾರ್ಥಿಗಳಿಗೆ ಇಲಿಗಳನ್ನು ಕೊಟ್ಟು, ಅರ್ಧದಷ್ಟು ಮಂದಿಗೆ ‘ಇವು ಜಾಣ ತಳಿ’ ಎಂದೂ ಉಳಿದವರಿಗೆ ‘ಇವು ದಡ್ಡ ತಳಿ’ ಎಂದೂ ಹೇಳಿದರು. ಎಲ್ಲವೂ ಒಂದೇ ಬಗೆಯ ಸಾಮಾನ್ಯ ಇಲಿಗಳು. ‘ಜಾಣ’ ಇಲಿಗಳು ದಾರಿ ಹುಡುಕುವುದರಲ್ಲಿ ಮುಂದಾದವು. ಜಾಣ ಎಂದು ನಂಬಿದವರು ಅವನ್ನು ಹೆಚ್ಚು ಅಕ್ಕರೆಯಿಂದ ಎತ್ತಿಕೊಂಡಿದ್ದರು. ಮನಸ್ಸಿನ ಎಣಿಕೆ ಜೀವಿಯನ್ನು ಬದಲಿಸಿತು, ನಿಜ. ಆದರೆ ಅದು ಸಾಗಿದ್ದು ಬೆರಳುಗಳ ಮೂಲಕ.

ಎಸ್ಟೆಬಾನಿಯ ಕೈಗಳಿಗೆ ಇನ್ನೊಂದು ಉತ್ತರಾಧಿಕಾರವಿದೆ. ಅವರು ಜನರಿಗೆ ಉಪಚಾರ ಮಾಡುವುದನ್ನು ಹತ್ತಿರದಿಂದ ನೋಡಿದವರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಡೊಲೊರೆಸ್ ಕ್ರೀಗರ್ ಮತ್ತು ಥಿಯೊಸಾಫಿಯ ಡೋರಾ ಕುನ್ಸ್ ಇದ್ದರು. ಇಬ್ಬರೂ ಸೇರಿ 1970ರ ದಶಕದಲ್ಲಿ ‘ಥೆರಪ್ಯೂಟಿಕ್ ಟಚ್’ ಎಂಬ ಪದ್ಧತಿ ಕಟ್ಟಿದರು. ರೋಗಿಯ ಮೈಮೇಲೆ ಕೆಲವು ಇಂಚು ಎತ್ತರದಲ್ಲಿ ಕೈಯಾಡಿಸಿ, ಅಡ್ಡಾದಿಡ್ಡಿಯಾದ ಶಕ್ತಿಯನ್ನು ಸರಿಪಡಿಸುವುದು. ಆ ಶಕ್ತಿಗೆ ಕ್ರೀಗರ್ ಕೊಟ್ಟ ಹೆಸರು ನಮ್ಮದೇ, ‘ಪ್ರಾಣ’. ಅಮೆರಿಕದ ಸಾವಿರಾರು ನರ್ಸ್‌ಗಳು ಇದನ್ನು ಕಲಿತರು. ಇದನ್ನು ಪರೀಕ್ಷೆಗೊಡ್ಡಿದ್ದು ಕೊಲೊರಾಡೊದ ಒಂಬತ್ತು ವರ್ಷದ ಹುಡುಗಿ ಎಮಿಲಿ ರೋಸಾ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು! ಉಪಚಾರಕರು ರಟ್ಟಿನ ಪರದೆಯ ತೂತುಗಳಲ್ಲಿ ಎರಡೂ ಕೈ ಚಾಚಬೇಕು. ಆಚೆ ಕೂತ ಎಮಿಲಿ ನಾಣ್ಯ ಚಿಮ್ಮಿ, ಅದು ಹೇಳಿದಂತೆ ಅವರ ಎಡಗೈ ಅಥವಾ ಬಲಗೈ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಬಳಿ ಶಕ್ತಿ ಇದೆ ಎಂದು ಅವರು ಹೇಳಬೇಕು. 21 ಮಂದಿ, 280 ಸಲ. ಸರಿಯಾದದ್ದು 123, ಅಂದರೆ ಶೇ 44. ಕಣ್ಣುಮುಚ್ಚಿ ಊಹಿಸಿದ್ದರೂ ಶೇ 50ರ ಸುಮಾರಿಗೆ ಬರಬೇಕಿತ್ತು. 1998ರಲ್ಲಿ ಇದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ನಿಯತಕಾಲಿಕದಲ್ಲಿ ಪ್ರಕಟವಾದಾಗ ಎಮಿಲಿಗೆ ಹನ್ನೊಂದು. ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಇದೇ. ಶಕ್ತಿ ಗುಣಪಡಿಸುತ್ತದೆಯೇ ಎಂಬ ದೊಡ್ಡ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಅದು ನಿಮಗೆ ತಿಳಿಯುತ್ತದೆಯೇ ಎಂದಷ್ಟೇ ಆಕೆ ಕೇಳಿದಳು.

ಕೈಯನ್ನೂ ಚಾಚದೆ ದೂರದಿಂದಲೇ ಗುಣಪಡಿಸುವ ಭರವಸೆ ಪ್ರಾರ್ಥನೆಯದು. ಅದನ್ನು ಅಳೆಯಲು ಹೊರಟ ಅತಿ ದೊಡ್ಡ ಪ್ರಯೋಗದ ನೇತೃತ್ವ ಹಾರ್ವರ್ಡ್‌ನ ಹರ್ಬರ್ಟ್ ಬೆನ್ಸನ್ ಅವರದು. ಧ್ಯಾನದ ಶಾರೀರಿಕ ಲಾಭಗಳನ್ನು ಪಾಶ್ಚಾತ್ಯ ವೈದ್ಯರಿಗೆ ಮನಗಾಣಿಸಿದವರು ಅವರು, ಹಾಗಾಗಿ ವಿರೋಧಿ ಎನ್ನುವಂತಿಲ್ಲ. ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಮೂರು ಗುಂಪು ಮಾಡಿ, ಎರಡು ಗುಂಪುಗಳಿಗಾಗಿ ಅಪರಿಚಿತರಿಂದ 14 ದಿನ ಪ್ರಾರ್ಥನೆ ಮಾಡಿಸಲಾಯಿತು. ಪ್ರಾರ್ಥನೆ ಇದೆಯೋ ಇಲ್ಲವೋ ಗೊತ್ತಿಲ್ಲದ ಎರಡು ಗುಂಪುಗಳಲ್ಲಿ ತೊಡಕುಗಳ ಪ್ರಮಾಣ ಶೇ 52 ಮತ್ತು ಶೇ 51, ಅಂದರೆ ಪ್ರಾರ್ಥಿಸಿದರೂ ಬಿಟ್ಟರೂ ಒಂದೇ. ‘ನಿಮಗಾಗಿ ಪ್ರಾರ್ಥಿಸುತ್ತಿದ್ದೇವೆ’ ಎಂದು ಮುಂಚೆಯೇ ತಿಳಿಸಿದ್ದ ಮೂರನೆಯ ಗುಂಪಿನಲ್ಲಿ ಶೇ 59. ಪ್ರಾರ್ಥನೆ ಮಾಡಿಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ ಎಂಬ ದಿಗಿಲು ಕೆಲವರನ್ನು ಕಾಡಿರಬಹುದು ಎಂದು ಸಂಶೋಧಕರು ಊಹಿಸಿದರು.

ನಮ್ಮಲ್ಲಿ ಈ ವಿಷಯ ಪ್ರಯೋಗಾಲಯಕ್ಕೆ ಹೋಗದೆ ಜಗಲಿಯಲ್ಲೇ ಇತ್ಯರ್ಥವಾಗುತ್ತದೆ. ಸರ್ಪಸುತ್ತಿಗೆ ಮಂತ್ರ ಹಾಕಿಸಿ, ಕಾಮಾಲೆಗೆ ಮಂತ್ರಿಸಿದ ನೂಲು ಕಟ್ಟಿಸಿ ವಾಸಿಯಾದವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ, ಸುಳ್ಳನ್ನೂ ಹೇಳುತ್ತಿಲ್ಲ. ಸರ್ಪಸುತ್ತಿನ ಗುಳ್ಳೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಾನೇ ಒಣಗುತ್ತದೆ. ಕಲುಷಿತ ನೀರಿನಿಂದ ಬರುವ ಕಾಮಾಲೆ ಬಹುತೇಕರಲ್ಲಿ ತಾನಾಗಿಯೇ ಇಳಿಯುತ್ತದೆ. ಹಾವಿನ ವಿಷಯದಲ್ಲೂ ಅಷ್ಟೇ, ಹೆಚ್ಚಿನವು ವಿಷರಹಿತ. ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಆ ಕಡಿತಗಳ ಕೀರ್ತಿಯೆಲ್ಲ ಮಂತ್ರದವರಿಗೆ, ನಿಜವಾಗಿ ವಿಷವೇರಿದವರ ಲೆಕ್ಕ ಸ್ಮಶಾನಕ್ಕೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜಿಸಲಾಗಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವಾಗಿ ಘೋಷಿಸಿದೆ. ಈ ಒಂದು ವಿಷಯದಲ್ಲಿ ಉದಾರತೆ ಬೇಡ: ಹಾವು ಕಚ್ಚಿದರೆ ಮಂತ್ರದವರ ಮನೆ ದಾರಿ ಬಿಟ್ಟು ಆಸ್ಪತ್ರೆಗೇ ಹೋಗಬೇಕು.

ಪರೀಕ್ಷೆ ಮಾಡೋಣ ಬನ್ನಿ ಎಂದು ಕರೆದವರು ನಮ್ಮಲ್ಲೂ ಇದ್ದರು. ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ನಿಯಂತ್ರಿತ ಪರಿಸ್ಥಿತಿಯಲ್ಲಿ ಮಾಡಿ ತೋರಿಸಿ ಎಂಬ ಅವರ ಸವಾಲಿಗಿಂತ, ಅವರು ಹಾಗೆ ಕೇಳಬಹುದೇ ಎಂಬ ಬಗ್ಗೆಯೇ ಹೆಚ್ಚು ಗದ್ದಲವಾಯಿತು.

ಮನಸ್ಸಿನಿಂದ ಇಲಿಯ ಬಾಲ ಅಲುಗಾಡಿಸುವುದು ಇವತ್ತು ಸಾಧ್ಯ ಎಂದರೆ ನಂಬುತ್ತೀರಾ? 2013ರಲ್ಲಿ ಹಾರ್ವರ್ಡ್‌ನ ಸುಂಗ್-ಶಿಕ್ ಯೂ ಅವರ ತಂಡ ಅದನ್ನು ಮಾಡಿತು. ಮನುಷ್ಯರ ತಲೆಗೆ ಮಿದುಳಿನ ಅಲೆಗಳನ್ನು ಅಳೆಯುವ ಇಇಜಿ ವಿದ್ಯುದ್ವಾರ, ನಡುವೆ ಕಂಪ್ಯೂಟರ್, ಇಲಿಯ ಮಿದುಳಿನ ಒಂದು ಬಿಂದುವಿಗೆ ಗುರಿಯಿಟ್ಟ ಅಲ್ಟ್ರಾಸೌಂಡ್. ಆ ಕಡೆ ಮನಸ್ಸು ಮಾಡಿದರೆ ಈ ಕಡೆ ಬಾಲ ಅಲುಗುತ್ತದೆ, ನೂರರಲ್ಲಿ 94 ಸಲ. ಮರುವರ್ಷ ಜ್ಯೂರಿಕ್‌ನ ಸಂಶೋಧಕರು ಮನುಷ್ಯರ ಮಿದುಳಿನ ಅಲೆಗಳಿಂದ ಇಲಿಯ ಚರ್ಮದಡಿಯ ಪುಟ್ಟ ಎಲ್‌ಇಡಿ ಬೆಳಗಿಸಿ, ಅಲ್ಲಿಟ್ಟಿದ್ದ ಕೋಶಗಳ ಜೀನ್ ಒಂದನ್ನು ಚಾಲೂ ಮಾಡಿದರು. ಎಸ್ಟೆಬಾನಿಯಿಂದ ಹಿಡಿದು ಕುಲಗೀನಾವರೆಗೆ ಎಲ್ಲರೂ ಹೇಳಿಕೊಂಡದ್ದು ಇದನ್ನೇ, ಆದರೆ ಇಲ್ಲಿ ಸಂದೇಶ ಎಲ್ಲಿಂದ ಹೊರಟು ಯಾವ ತಂತಿಯಲ್ಲಿ ಹಾದು ಎಲ್ಲಿ ಮುಟ್ಟಿತೆಂದು ಬೆರಳಿಟ್ಟು ತೋರಿಸಬಹುದು. ತಂತಿ ಕಿತ್ತರೆ ಬಾಲ ನಿಲ್ಲುತ್ತದೆ. ಮಿದುಳು ತಲೆಬುರುಡೆಯಾಚೆಗೆ ಸೂಸುವ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಹತ್ತಾರು ಕೋಟಿ ಪಟ್ಟು ದುರ್ಬಲ. ಯಂತ್ರದ ನೆರವಿಲ್ಲದೆ ಅದು ಪಕ್ಕದ ಕೋಣೆಯ ರಕ್ತಕಣವನ್ನು ಹುಡುಕಿ ಮುಟ್ಟುವ ದಾರಿಯನ್ನು ಇದುವರೆಗೆ ಯಾರೂ ತೋರಿಸಿಲ್ಲ.

ಆದರೂ ನಿಮ್ಮ ಕೈಗುಣದ ಮೇಲೆ ನಿಮಗೆ ಭರವಸೆ ಇದ್ದರೆ, ಗ್ರಾಡ್ ಅವರ ಬಾರ್ಲಿ ಪ್ರಯೋಗ ಮನೆಯಲ್ಲೇ ಆಗುತ್ತದೆ, ರಜೆಯಲ್ಲಿರುವ ಮಕ್ಕಳಿಗೂ ಒಳ್ಳೆಯ ಕೆಲಸ. ಒಂದೇ ಅಳತೆಯ ಇಪ್ಪತ್ತು ಲೋಟಗಳಲ್ಲಿ ಒಂದೇ ಮಣ್ಣು ತುಂಬಿ, ಒಂದೇ ಪೊಟ್ಟಣದ ಹೆಸರುಕಾಳು ಬಿತ್ತಿ. ಎರಡು ಬಾಟಲಿ ನೀರಿನಲ್ಲಿ ಒಂದನ್ನು ಮಾತ್ರ ನೀವು ಹಿಡಿದು ಕೂತು ಹರಸಿ. ಬಾಟಲಿಗಳನ್ನು ಮನೆಯ ಇನ್ನೊಬ್ಬರಿಗೆ ಕೊಟ್ಟು, ಯಾವ ಹತ್ತು ಲೋಟಕ್ಕೆ ಯಾವ ನೀರು ಎಂಬುದನ್ನು ಅವರು ಚೀಟಿ ಎತ್ತಿ ತೀರ್ಮಾನಿಸಲಿ, ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಲಿ. ಎರಡು ವಾರದ ನಂತರ, ಏನೂ ಗೊತ್ತಿಲ್ಲದ ಮೂರನೆಯವರು ಸ್ಕೇಲು ಹಿಡಿದು ಸಸಿಗಳನ್ನು ಅಳೆಯಲಿ. ಬೀರು ತೆಗೆಯುವುದು ಅದಾದ ಮೇಲೆ. ಅಳೆಯುವವರಿಗೆ ಯಾವ ಲೋಟ ಯಾವುದೆಂದು ಮೊದಲೇ ತಿಳಿದಿತ್ತು ಎಂದಾದರೆ ಆ ಲೆಕ್ಕವನ್ನು ಹರಿದು ಹಾಕಿ, ಹೊಸದಾಗಿ ಕಾಳು ಬಿತ್ತಿ.